18 ತುಂಬಿದ ರಾತ್ರಿ ಎಲ್ಲಿ ಮಲಗೋದು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನನಗಿಂತ ಮೊದಲು ಮಾತಾಡಿದವರು ಬಾಲಮಂದಿರದ ಊಟ, ಪಾಠ, ಕಟ್ಟಡದ ಬಗ್ಗೆ ಚೆನ್ನಾಗಿ ಹೇಳಿದರು. ನಾನು ಗೇಟಿನ ಆಚೆಯ ಮಾತು ಆಡುತ್ತೇನೆ. ಹುಡುಗನಿಗೆ 18 ತುಂಬಿತು, ಬಾಲಮಂದಿರ ಬಿಡಬೇಕು, ಬಟ್ಟೆ ಬ್ಯಾಗು ಕೈಗೆ ಬಂತು. ಆ ರಾತ್ರಿ ಅವನು ಎಲ್ಲಿ ಮಲಗುತ್ತಾನೆ?

ನಿಮ್ಮ ಮನೆ ಮಕ್ಕಳನ್ನೇ ನೋಡಿ. 18ಕ್ಕೆ ಯಾರು ಮನೆ ಬಿಟ್ಟಿದ್ದಾರೆ? ನನ್ನ ಮಗ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾಯಿತು, ಈಗಲೂ ಟವೆಲ್ ಎಲ್ಲಿ ಅಂತ ಅವರಮ್ಮನನ್ನೇ ಕೇಳುತ್ತಾನೆ. ನಗಬೇಡಿ, ನಿಮ್ಮ ಮನೆಯಲ್ಲೂ ಅದೇ ಕಥೆ. ಹೆತ್ತವರಿಲ್ಲದೆ ಬೆಳೆದವನು ಮಾತ್ರ ಬೆಳಗಾಗುವುದರೊಳಗೆ ದೊಡ್ಡವನಾಗಿಬಿಡಬೇಕು.

ಕಾನೂನು ಹಾಗೆ ಕೈಬಿಟ್ಟಿಲ್ಲ, ಅದನ್ನೂ ಹೇಳಬೇಕು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 18ರಿಂದ 21ರವರೆಗೆ ಅನುಪಾಲನೆ, ಅಂದರೆ ಬಾಲಮಂದಿರ ಬಿಟ್ಟ ಮೇಲೂ ಸಿಗುವ ಆಸರೆ, ಇದೆ. 2016ರ ಮಾದರಿ ನಿಯಮಗಳ ಪ್ರಕಾರ ವಿಶೇಷ ಸಂದರ್ಭದಲ್ಲಿ ಅದನ್ನು 23ರವರೆಗೂ ಮುಂದುವರಿಸಬಹುದು. ಆರರಿಂದ ಎಂಟು ಜನ ಒಟ್ಟಿಗೆ ತಾತ್ಕಾಲಿಕವಾಗಿ ಇರುವಂಥ ಮನೆ, ತರಬೇತಿ ವೇಳೆ ಸ್ಟೈಪೆಂಡ್, ಆಗಾಗ ಬಂದು ವಿಚಾರಿಸುವ ಆಪ್ತಸಮಾಲೋಚಕ, ಎಲ್ಲ ಅದರಲ್ಲಿದೆ. ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇಂಥವರಿಗೆ ತಿಂಗಳಿಗೆ 4000 ರೂಪಾಯಿಯೂ ಇದೆ. ಆದರೆ ಇದನ್ನೆಲ್ಲ ಯಾರಾದರೂ ಕೇಳಬೇಕು, ಅರ್ಜಿ ಹಾಕಿಸಬೇಕು, ಬೆನ್ನು ಹತ್ತಬೇಕು. ಅಪ್ಪ ಅಮ್ಮ ಮಾಡುವ ಕೆಲಸ ಅದೇ ಅಲ್ವಾ?

ಇನ್ನು ಲೆಕ್ಕ. ಬೆಂಗಳೂರಿನಲ್ಲಿ ಒಂದು ರೂಮಿಗೆ ಬಾಡಿಗೆ 6000 ಅಂತಿಟ್ಟುಕೊಳ್ಳಿ. ಅಷ್ಟಕ್ಕೆ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ, ಲೆಕ್ಕ ಸುಲಭವಾಗಲಿ ಅಂತ ಹೇಳಿದೆ. ನಮ್ಮ ಹಳೇ ಪದ್ಧತಿಯ ಹತ್ತು ತಿಂಗಳ ಅಡ್ವಾನ್ಸ್ ಅಂದರೆ 60,000. ಆ 4000ದಲ್ಲಿ ಒಂದು ಟೀ ಕೂಡ ಕುಡಿಯದೆ ಕೂಡಿಟ್ಟರೂ 15 ತಿಂಗಳು ಬೇಕು. ಅಲ್ಲಿಯವರೆಗೆ ಬಸ್ ಸ್ಟ್ಯಾಂಡಾ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಆದರೆ ಅದು ಬರೀ ಮಾದರಿ, ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟದ್ದು.

ಹಾಗಂತ ದುಡ್ಡೇ ಎಲ್ಲ ಅಂದುಕೊಳ್ಳಬೇಡಿ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಬಾಲಮಂದಿರದಲ್ಲೇ ಬೆಳೆದವನು, ಐಟಿಐ ಮುಗಿಸಿದ್ದ, ಫ್ಯಾಕ್ಟರಿ ಕೆಲಸ ಸಿಕ್ಕಿತ್ತು. ಅಡ್ವಾನ್ಸಿಗೂ ಒಂದಿಷ್ಟು ಹೊಂದಿಸಿದ್ದೆವು. ಮನೆ ಹುಡುಕಲು ಹೊರಟೆವು. ಮೊದಲ ಮನೆಯವರು ಬಹಳ ಮರ್ಯಾದಸ್ಥರು. ನಲ್ಲಿ ತಿರುಗಿಸಿ ತೋರಿಸಿದರು, ಕಾವೇರಿ ನೀರು ಯಾವ ದಿನ ಬರುತ್ತೆ ಅಂತಲೂ ಹೇಳಿದರು. ಆಮೇಲೆ, 'ಅಪ್ಪ ಏನ್ಮಾಡ್ತಾರೆ?' ಇಲ್ಲ ಸಾರ್. 'ಅಮ್ಮ?' ಇಲ್ಲ. 'ಯಾವೂರು?' ಹುಡುಗ ನನ್ನ ಮುಖ ನೋಡಿದ. ಅವನ ಫೈಲಿನಲ್ಲಿ ಊರೇ ಇರಲಿಲ್ಲ. 'ಇನ್ನೊಬ್ಬರು ಕೇಳಿದ್ದಾರೆ, ಫೋನ್ ಮಾಡ್ತೀನಿ' ಅಂದರು. ಆ ಫೋನು ಇವತ್ತಿಗೂ ಬಂದಿಲ್ಲ.

ಮುಂದಿನ ಬೀದಿಯಲ್ಲಿ ಒಬ್ಬ ಅಜ್ಜಿ. 'ನೀವು ಯಾವ ಜನ?' ಅಂತ ನೇರವಾಗಿ ಕೇಳಿದರು. ಗೊತ್ತಿಲ್ಲ ಅಜ್ಜಿ ಅಂದ. 'ಗೊತ್ತಿಲ್ಲ ಅಂದ್ರೆ ಹೇಗಪ್ಪಾ, ಯಾರನ್ನಾದ್ರೂ ಕೇಳು!' ಅಜ್ಜಿ ಕೆಟ್ಟವರಲ್ಲ, ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಮನೆ ಕೊಡಲಿಲ್ಲ.

ಕೊನೆಗೆ ಟೈಲರಿಂಗ್ ಅಂಗಡಿಯ ಒಬ್ಬ ಹೆಂಗಸು, ಹೊಲಿಗೆ ನಿಲ್ಲಿಸದೆ ಒಂದೇ ಪ್ರಶ್ನೆ ಕೇಳಿದರು. 'ಬಾಡಿಗೆ ತಪ್ಪಿದ್ರೆ ಯಾರನ್ನ ಕೇಳ್ಲಿ?' ನನ್ನನ್ನ ಕೇಳಿ ಅಂದೆ. 'ಹಾಗಾದ್ರೆ ಕರಾರು ಪತ್ರಕ್ಕೆ ನೀವೂ ಸಹಿ ಹಾಕಿ' ಅಂದರು. ಹಾಕಿದೆ. ಮನೆ ಸಿಕ್ಕಿತು. ನಡುವೆ ಒಂದು ತಿಂಗಳು ಫ್ಯಾಕ್ಟರಿ ಸಂಬಳ ತಡವಾಯಿತು, ಆ ಯಮ್ಮ ನನಗೆ ಫೋನ್ ಮಾಡಿದರು, ಅರ್ಧ ನಾನು ಕೊಟ್ಟೆ. ಸಂಬಳ ಬಂದ ದಿನವೇ ಹುಡುಗ ವಾಪಸ್ ಕೊಟ್ಟ. ಒಂದು ಸಹಿ, ಒಂದು ಫೋನ್ ನಂಬರ್. ಅವನಿಗೆ ಕಡಿಮೆ ಇದ್ದದ್ದು ಅಷ್ಟೇ.

ಕೇಸಿನಲ್ಲಿ ಸಿಕ್ಕಿ ಬಂದ ಮಕ್ಕಳದು ಇನ್ನೂ ಕಷ್ಟ. ಮಕ್ಕಳ ಕೇಸು ವಿಚಾರಿಸುವ ಬಾಲ ನ್ಯಾಯ ಮಂಡಳಿ ಸನ್ನಡತೆಯ ಷರತ್ತಿನ ಮೇಲೆ, ಅಂದರೆ ಪ್ರೊಬೇಷನ್ ಮೇಲೆ, ಬಿಡುಗಡೆ ಮಾಡಬಹುದು, ಮೂರು ವರ್ಷದವರೆಗೆ. ತಂದೆ ತಾಯಿಗೋ ಪೋಷಕರಿಗೋ ನೋಡಿಕೊಳ್ಳಲು ತಕ್ಕವರು ಅನ್ನಿಸಿದ ವ್ಯಕ್ತಿಗೋ ಒಪ್ಪಿಸುತ್ತದೆ. ಪ್ರೊಬೇಷನ್ ಅಧಿಕಾರಿ ಬಂದು ನೋಡಬೇಕು. ಎಲ್ಲಿಗೆ ಬರುವುದು? ಮನೆ ಬದಲಾಗುತ್ತಲೇ ಇದ್ದರೆ ಅವರೂ ಏನು ಮಾಡುತ್ತಾರೆ? ಬೇರೆ ಜಾಗ ಇಲ್ಲದವನು ಹಳೇ ಏರಿಯಾಕ್ಕೇ, ಹಳೇ ಗೆಳೆಯರ ರೂಮಿಗೇ ಹೋಗುತ್ತಾನೆ. ಆಮೇಲೆ ನಾವೇ 'ನೋಡಿ, ಹೇಳಿರ್ಲಿಲ್ವಾ' ಅನ್ನುತ್ತೇವೆ.

ಮನೆ ಮಾಲೀಕರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಒಂದು ವಿಷಯ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನೋಡಿ. ಮುಗಿದ ಕೇಸಿನಲ್ಲಿ ಮಗುವಿನ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕೂ ಹೊರಗೆ ಹಾಕುವಂತಿಲ್ಲ. ಹಾಗಿರುವಾಗ ನೀವು ಅಕ್ಕಪಕ್ಕ ವಿಚಾರಿಸಿ ಅದನ್ನೇ ಕೆದಕಿದರೆ ಕಾನೂನು ಮುಚ್ಚಿದ್ದನ್ನು ಬೀದಿ ತೆರೆದ ಹಾಗಾಯಿತು. ಬಾಡಿಗೆ ಕೊಡ್ತಾನಾ ಅಂತ ಕೇಳಿ, ಸಾಕು. ಅದಕ್ಕೆ ಒಂದು ಸಹಿ ಕೇಳಿ.

ಚೀಟಿ ಬಂತು. ಐದು ನಿಮಿಷವಂತೆ. ಕ್ಯಾಲಿಫೋರ್ನಿಯಾದ ಬಗ್ಗೆ ಉದ್ದಕ್ಕೆ ಬರೆದುಕೊಂಡು ಬಂದಿದ್ದೆ, ಒಂದೇ ಮಾತಲ್ಲಿ ಮುಗಿಸುತ್ತೇನೆ. ಅಲ್ಲಿ 2012ರಿಂದ, ಕೆಲವು ಷರತ್ತುಗಳ ಮೇಲೆ, 21ರವರೆಗೆ ಸರ್ಕಾರದ ಆಸರೆಯಲ್ಲೇ ಇರಬಹುದು, ಪ್ರೊಬೇಷನ್ ಮೇಲಿರುವ ಕೆಲವರಿಗೂ ಅವಕಾಶವಿದೆ. ಕೆಲವರು ಸ್ವಂತ ರೂಮು ಹಿಡಿದು, ದುಡ್ಡನ್ನು ತಮ್ಮ ಕೈಗೇ ತೆಗೆದುಕೊಳ್ಳಬಹುದು. ಆ ನಂಬಿಕೆ ನನಗೆ ಹಿಡಿಸಿತು.

ಹೆಣ್ಣುಮಕ್ಕಳ ವಿಷಯಕ್ಕೇ ಬೇರೆ ದಿನ ಬೇಕು. ಅವರಿಗೆ ಮನೆ ಎಲ್ಲಿ ಅಂತ ಕೇಳಿದರೆ 'ಗಂಡು ನೋಡಿದ್ದೀವಿ' ಅನ್ನುವ ಉತ್ತರ ಬರುತ್ತದೆ. ಅದು ಉತ್ತರವೇ ಅಲ್ಲ.

ಇನ್ನೊಂದು, ತಯಾರಿ 16ಕ್ಕೇ ಶುರುವಾಗಲಿ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಅಂತ ಇರುತ್ತದೆ, ಅದರಲ್ಲಿ ಮನೆಯ ವಿಷಯ ಬರೆಸಿ. ಆಧಾರ್, ಬ್ಯಾಂಕ್ ಖಾತೆ ಗೇಟು ದಾಟುವ ಮೊದಲೇ ಕೈಯಲ್ಲಿರಲಿ. ಕರಾರು ಪತ್ರ ಓದುವುದು, ಕರೆಂಟ್ ಬಿಲ್ ಕಟ್ಟುವುದು ಕಲಿಸಿ. ನಿಯಮಗಳು ಹೇಳಿದ ಅನುಪಾಲನೆಗೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ, ಲಿಖಿತವಾಗಿ ಕೇಳಿ.

ಸರಿ, ಎದ್ದು ನಿಂತಿದ್ದಾರೆ, ಮುಗಿಸುತ್ತೇನೆ. ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ಕರಾರು ಪತ್ರಕ್ಕೆ ಸಹಿ ಹಾಕಲು ಒಪ್ಪುವವರು ಫೋನ್ ನಂಬರ್ ಬರೆಯಿರಿ. ಖಾಲಿ ರೂಮು ಇರುವವರು ಬಾಡಿಗೆ, ಅಡ್ವಾನ್ಸ್ ಎರಡನ್ನೂ ಬರೆಯಿರಿ. ಚೌಕಾಸಿಗೆ ನಾನೇ ಬರುತ್ತೇನೆ.