ಕರಟಕ್ಕೆ ಬಂದ ಮರ್ಯಾದೆ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಸಂಘಟಕರು ಅರ್ಧ ಗಂಟೆ ಕೊಟ್ಟಿದ್ದರು. ಸ್ವಾಗತ, ಹಾರ, ನನ್ನ ಪರಿಚಯ ಮುಗಿಯುವಷ್ಟರಲ್ಲಿ ಅದರಲ್ಲಿ ಸುಮಾರು ಹೋಯಿತು. ಪರಿಚಯದಲ್ಲಿ ನನ್ನನ್ನು 'ಸರಳ ವ್ಯಕ್ತಿ' ಅಂದರು. ಕಾರಿನಿಂದ ಹವಾಯಿ ಚಪ್ಪಲಿಯಲ್ಲಿ ಇಳಿದವನು ಸರಳ ವ್ಯಕ್ತಿ. ಅದೇ ಚಪ್ಪಲಿಯಲ್ಲಿ ಬಸ್ಸಿನಿಂದ ಇಳಿದವನಿಗೆ ಆ ಮಾತು ಯಾರೂ ಹೇಳುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಇಷ್ಟೇ. ಮುಂದಿನದ್ದೆಲ್ಲಾ ಇದರದ್ದೇ ವಿಸ್ತಾರ.

'ಅವರ ಲೆವೆಲ್ಲೇ ಬೇರೆ' ಅನ್ನುತ್ತೇವೆ. ಆ ಲೆವೆಲ್ ನೋಡುವುದು ಹೇಗೆ? ಚಹಾವನ್ನು ಸಾಸರಿಗೆ ಹೊಯ್ದು ಕುಡಿದರೆ ಒಂದು ಲೆವೆಲ್. ಸಾರನ್ನು ಸೊರ್ ಅಂತ ಎಳೆದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡುತ್ತಾರಲ್ಲ, ಹಾಗೆ ನಾವು ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಎದುರಿನವರನ್ನು ಬೇರೆ ಮಾಡುತ್ತಿರುತ್ತೇವೆ. ಮಂಡಿಯವರು ಕೊನೇಪಕ್ಷ ಅಡಿಕೆ ಕಡಿದು ನೋಡುತ್ತಾರೆ.

ಒಂದು ಘಟನೆ ಹೇಳುತ್ತೇನೆ. ಮಳೆಗಾಲದಲ್ಲಿ ಬೆಂಗಳೂರಿನ ನೆಂಟರು ಬಂದರು, ಮಲೆನಾಡು ನೋಡಬೇಕು ಅಂದರು. ನಮ್ಮ ಮನೆ ಶಿವಮೊಗ್ಗದಲ್ಲೇ ಇದೆ, ಅದು ಅವರ ಪಾಲಿಗೆ ಮಲೆನಾಡಲ್ಲ. ಸರಿ, ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದೆ. ಹೆಸರು ಬೇಡ. ಬಾಗಿಲಲ್ಲೇ ಎಲ್ಲರ ತಲೆಗೂ ಒಂದೊಂದು ಅಡಿಕೆ ಹಾಳೆಯ ಟೊಪ್ಪಿ ಇಟ್ಟರು. ನೆಂಟರು ಅದನ್ನು ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದೇ ತೆಗೆಸಿಕೊಂಡಿದ್ದು. ಅಲ್ಲೇ ತೋಟದ ಕೆಲಸದ ಹುಡುಗ ನಿಂತಿದ್ದ. ಅವನ ತಲೆ ಮೇಲೆ ಕ್ರಿಕೆಟ್ ಟೋಪಿ. 'ಸ್ವಲ್ಪ ಆ ಕಡೆ ನಿಲ್ಲಪ್ಪಾ, ಫೋಟೋದಲ್ಲಿ ಬರ್ತೀಯಾ' ಅಂತ ಅವನನ್ನೇ ಸರಿಸಿದರು!

ರಾತ್ರಿ ಊಟಕ್ಕೆ ಮೊದಲು ಗಂಜಿ. ಯಾವುದರಲ್ಲಿ? ಕರಟದಲ್ಲಿ. ಉಜ್ಜಿ ಉಜ್ಜಿ ಹೊಳಪು ಬರಿಸಿ, ಎಣ್ಣೆ ಹಚ್ಚಿ, ಅಲುಗಾಡಬಾರದು ಅಂತ ಕೆಳಗೊಂದು ಸಿಂಬಿ ಇಟ್ಟಿದ್ದರು. ಗಂಜಿ ಮೇಲೆ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ. ರುಚಿಯಾಗಿತ್ತು, ಸುಳ್ಳು ಹೇಳಬಾರದು. ಬಡಿಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ನೆಂಟರ ಮಗಳು ಕೇಳಿದಳು, 'ಅಜ್ಜಿ, ನೀವು ಚಿಕ್ಕವರಿದ್ದಾಗಲೂ ಇದರಲ್ಲೇ ಕುಡೀತಿದ್ರಾ? ಎಷ್ಟು ಚೆನ್ನಾಗಿದೆ!'

'ಹೌದು ಮಗಾ' ಅಂದರು ಅವರು. 'ಅಮ್ಮನ ಜೊತೆ ಒಡೇರ ಮನೆ ಕೆಲ್ಸಕ್ಕೆ ಹೋದ್ರೆ ಅಂಗಳದಲ್ಲಿ ಇದಕ್ಕೇ ಹೊಯ್ತಿದ್ರು. ಮೇಲಿಂದ. ಕುಡಿದು, ನಾವೇ ತೊಳೆದು, ಬೇಲಿಗೆ ಸಿಕ್ಸಿ ಬರ್ಬೇಕಿತ್ತು. ಒಳಗೆ ತರಂಗಿರ್ಲಿಲ್ಲ. ಇನ್ನೊಂಚೂರು ಹಾಕ್ಲಾ?'

ಹುಡುಗಿ ತಲೆಯಾಡಿಸಿದಳು. ಬೇಕು ಅಂತಲೋ ಬೇಡ ಅಂತಲೋ ಗೊತ್ತಾಗಲಿಲ್ಲ. ಅಜ್ಜಿ ಹಾಕಿಯೇ ಬಿಟ್ಟರು. ಕೈ ತೊಳೆಯಲು ಹಿಂದೆ ಹೋದಾಗ ನೋಡಿದೆ, ಅವರು ಉಣ್ಣುತ್ತಿದ್ದದ್ದು ಸ್ಟೀಲ್ ತಟ್ಟೆಯಲ್ಲಿ.

ಈ ಕಥೆಯನ್ನು ನಾನು ಹೋದಲ್ಲೆಲ್ಲಾ ಹೇಳುತ್ತೇನೆ. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದಾಳೆ, ಅವಳದ್ದೇನೂ ತಪ್ಪಿಲ್ಲ. ಆದರೆ ಲೆಕ್ಕ ಹಾಕಿ. ಸಂವಿಧಾನ ಜಾರಿಗೆ ಬಂದಿದ್ದು 1950ರಲ್ಲಿ. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆ ಅಜ್ಜಿ ಹುಟ್ಟಿದ್ದೇ ಅದಾದ ಎಷ್ಟೋ ವರ್ಷಕ್ಕೆ. ಕರಟ ಅದೇ. ಹಿಡಿದ ಕೈ ಬದಲಾಯಿತು, ಮರ್ಯಾದೆ ಬಂತು.

ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಕೊಡಗಿನ ಬಗ್ಗೆ ಬರೆಯುತ್ತಾ, ಕೆಳಗಿನ ಜಾತಿಯವರು ಮೇಲಿನವರ ಊಟ, ಆಚಾರಗಳನ್ನು ಹಿಡಿದು ಮೇಲೇರಲು ನೋಡುತ್ತಾರೆ ಅಂದರು. ಸಂಸ್ಕೃತೀಕರಣ, ನಿಮಗೆಲ್ಲಾ ಗೊತ್ತಿದ್ದದ್ದೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ಡಿಯೊ 1979ರಲ್ಲಿ, ರುಚಿ ಅಂದರೆ ಬರೀ ನಾಲಿಗೆಯದ್ದಲ್ಲ, ಮನೆ ಮತ್ತು ಶಾಲೆ ಸೇರಿ ಕಲಿಸಿದ್ದು ಅಂದ. ಇಬ್ಬರೂ ಸರಿಯೇ. ಆದರೆ ನಮ್ಮಲ್ಲೀಗ ಉಲ್ಟಾ ವ್ಯಾಪಾರವೂ ಶುರುವಾಗಿದೆ. ಕೆಂಪಕ್ಕಿ ನೋಡಿ. ಆಳುಗಳಿಗೆ ಕೆಂಪಕ್ಕಿ, ಮನೆಯವರಿಗೆ ಬಿಳಿ ಸಣ್ಣಕ್ಕಿ. ಈಗ ಶುಗರ್ ಬಂದ ಮನೆಯವರು ಜಾಸ್ತಿ ದುಡ್ಡು ಕೊಟ್ಟು ಕೆಂಪಕ್ಕಿ ತರುತ್ತಾರೆ, ಕೆಲಸದವರು ಸೊಸೈಟಿ ಅಕ್ಕಿ ಉಣ್ಣುತ್ತಾರೆ. ರಾಗಿಮುದ್ದೆ ಅಂದರೆ ಮೂಗು ಮುರಿಯುತ್ತಿದ್ದವರು ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂದ ಮೇಲೆ ರಾಗಿ ಬಿಸ್ಕತ್ತು ತಿಂದರು. ಮುದ್ದೆ ನುಂಗಲು ಇನ್ನೂ ಬರುವುದಿಲ್ಲ, ಅದು ಬೇರೆ ಮಾತು.

ಅಡಿಕೆ ವಿಷಯ ಹೇಳದೆ ಈ ಊರಲ್ಲಿ ಮಾತು ಮುಗಿಸುವ ಹಾಗಿಲ್ಲ. ಬಂದವರ ಮುಂದೆ ಎಲೆ ತಟ್ಟೆ ಇಡುವುದು ದೊಡ್ಡ ಮನೆಯ ಲಕ್ಷಣವಾಗಿತ್ತು. ಈಗ ಬಾಯಿ ಕೆಂಪಿದ್ದರೆ 'ಅಯ್ಯೋ, ಇವನಾ' ಅನ್ನುತ್ತೇವೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಸರಿ. ನಮ್ಮ ಕೆಂಪಡಿಕೆ ಪಾನ್ ಮಸಾಲಾಕ್ಕೆ ಅಂತ ಉತ್ತರ ಭಾರತಕ್ಕೆ ಲಾರಿ ಲಾರಿ ಹೋಗುತ್ತಲೇ ಇದೆ. ಅಂದರೆ ನಮ್ಮ ಮನೆಗಳ ಗ್ರಾನೈಟು, ಮಕ್ಕಳ ಇಂಜಿನಿಯರಿಂಗ್ ಫೀಸು, ಎಲ್ಲಾ ಯಾರೋ ಅಗಿದು ಉಗಿದಿದ್ದರಿಂದ ಬಂದಿದ್ದು. ಉಗಿಯುವವನನ್ನು ಕಂಡರೆ ಮಾತ್ರ ನಮಗೆ ಅಸಹ್ಯ.

ನಗಬೇಡಿ, ನನಗೂ ಒಂದಿಷ್ಟು ತೋಟ ಇದೆ.

1951ರಲ್ಲಿ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ವಿಷಯ ಹಿಡಿದು ಎದ್ದು ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಅವರ ಬಂಧನವಾಯಿತು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಸಿಕ್ಕಿತು. ಗೇಣಿದಾರರ ಮಕ್ಕಳು ತೋಟ ಮಾಡಿದರು, ಆರ್‌ಸಿಸಿ ಮನೆ ಕಟ್ಟಿದರು, ಗಿಳಿಹಸಿರು ಬಣ್ಣ ಹೊಡೆಸಿದರು. ಆಗ ಹಳೇ ಮನೆಗಳ ಜಗಲಿಯಲ್ಲಿ ಹುಟ್ಟಿದ ಮಾತು: 'ದುಡ್ಡು ಬಂತು, ಟೇಸ್ಟ್ ಬರಲಿಲ್ಲ.' ಭೂಮಿ ಹೋದ ಮೇಲೆ ಅವರ ಕೈಯಲ್ಲಿ ಉಳಿದಿದ್ದು ಟೇಸ್ಟ್ ಒಂದೇ. ಅದನ್ನು ಯಾವ ಕಾನೂನಿನಲ್ಲೂ ಹಂಚಲು ಬರುವುದಿಲ್ಲ. ಅದಕ್ಕೇ ಅದರ ಮೇಲೆ ಅಷ್ಟು ಹಿಡಿತ!

ಚೀಟಿ ಬಂತು. ಇಂಗ್ಲಿಷ್ ಉಚ್ಚಾರಣೆ ಬಗ್ಗೆ, ಹೆಣ್ಣು ನೋಡುವ ಶಾಸ್ತ್ರದ ಬಗ್ಗೆ ಬರೆದುಕೊಂಡಿದ್ದೆ, ಬಿಡುತ್ತೇನೆ. ಒಣಮೀನು ಒಂದನ್ನು ಬಿಡುವುದಿಲ್ಲ. ಯಾಕೆಂದರೆ ಎಲ್ಲದಕ್ಕೂ ಕರಟದ ಅದೃಷ್ಟ ಇಲ್ಲ. ನಮ್ಮ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲ ಪ್ರಶ್ನೆ 'ನೀವು ವೆಜ್ಜಾ?' ಬಾಡಿಗೆ ಎಷ್ಟು ಕೊಡುತ್ತೀರಿ ಅನ್ನುವುದು ಆಮೇಲೆ. ಜಾತಿ ಕೇಳಲು ನಾಚಿಕೆ, ವಾಸನೆ ಕೇಳಲು ನಾಚಿಕೆ ಇಲ್ಲ. ಆಗುಂಬೆಯ ಆ ಹೋಂಸ್ಟೇಯಲ್ಲೂ ಒಣಮೀನಿನ ಚಟ್ನಿ ಇರಲಿಲ್ಲ. ಕೇಳಿದ್ದಕ್ಕೆ 'ಗೆಸ್ಟ್‌ಗಳಿಗೆ ಆಗಲ್ಲ ಸಾರ್' ಅಂದರು.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಕಾಫಿ ಆಮೇಲೆ ಬರುತ್ತದಂತೆ. ಮೈಕ್ ಮೊದಲು ಹಿಂದಿನ ಸಾಲಿಗೆ ಕೊಡಿ, ಬಾಗಿಲ ಹತ್ತಿರ ನಿಂತವರು ಆಗಿನಿಂದ ಕೈ ಎತ್ತುತ್ತಿದ್ದಾರೆ.