ಮೆಜೆಸ್ಟಿಕ್‌ನಲ್ಲಿ ಸಿಕ್ಕ ಲ್ಯಾಟಿನ್ ಹಮಾಲಿ

[ಮೆಜೆಸ್ಟಿಕ್ ಬಸ್ ನಿಲ್ದಾಣ, ಬೆಳಿಗ್ಗೆ. ಹಿಂದೆ ಬಸ್ಸುಗಳು ಹೊರಡುತ್ತಿವೆ.]

ನಮಸ್ಕಾರ. ನನ್ನ ಹಿಂದೆ ಹೋಗುತ್ತಿರುವ ಬಸ್ ನೋಡಿ. ಬಿಎಂಟಿಸಿ. ಅದರಲ್ಲಿ ‘ಟಿ’ ಅಂದರೆ ಟ್ರಾನ್ಸ್‌ಪೋರ್ಟ್. ಇವತ್ತು ಆ ಒಂದು ಪದವನ್ನು ಬಿಚ್ಚೋಣ.

ಅದರೊಳಗೆ ‘ಪೋರ್ತಾರೆ’ ಅನ್ನೋ ಲ್ಯಾಟಿನ್, ಅಂದರೆ ಹಳೇ ರೋಮನ್ನರ ಭಾಷೆಯ, ಕ್ರಿಯಾಪದ ಇದೆ. ಅರ್ಥ ಹೊರು, ಒಯ್ಯಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ‘ಸೈಡ್, ಸೈಡ್’ ಅಂತ ನುಗ್ಗುವ ಹಮಾಲಿಯ ಕೆಲಸ. ರೈಲ್ವೆ ಸ್ಟೇಷನ್ನಿನಲ್ಲಿ ಅದೇ ಕೆಲಸ ಮಾಡುವವರನ್ನು ಪೋರ್ಟರ್ ಅನ್ನುತ್ತೇವೆ. ‘ಹಮಾಲಿ’ ಬಂದದ್ದು ಅರಬ್ಬಿಯಿಂದ, ಅಲ್ಲೂ ಬೇರಿನ ಅರ್ಥ ಹೊರುವುದೇ!

[ಪರದೆ ಮೇಲೆ: ವಹ್]

ಒಂದು ಬೇರಿನಿಂದ ಇಷ್ಟೊಂದು ಪದ ಹೇಗೆ ಹುಟ್ಟುತ್ತವೆ? ಈ ಆಟ ನಮಗೆ ಹೊಸದಲ್ಲ. ಸಂಸ್ಕೃತದ ‘ವಹ್’ ಅಂದರೂ ಒಯ್ಯುವುದೇ. ಅದರಿಂದ ವಾಹನ. ಮುಂದೆ ‘ಪ್ರ’ ಸೇರಿಸಿ, ಪ್ರವಾಹ. ‘ವಿ’ ಸೇರಿಸಿ, ವಿವಾಹ, ಅಂದರೆ ಹೆಣ್ಣನ್ನು ತವರಿನಿಂದ ಕರೆದೊಯ್ಯುವುದು. ‘ನಿರ್’ ಸೇರಿದರೆ ಟಿಕೆಟ್ ಕೊಡುವ ನಿರ್ವಾಹಕ. ನೀರು, ಮದುವೆ, ಕಂಡಕ್ಟರ್ ಎಲ್ಲ ಒಂದೇ ಮನೆಯವರು!

ಲ್ಯಾಟಿನ್ನಿನಲ್ಲೂ ಇದೇ ಲೆಕ್ಕ. ‘ಟ್ರಾನ್ಸ್’ ಅಂದರೆ ಆಚೆಗೆ, ‘ಎಕ್ಸ್’ ಹೊರಗೆ, ‘ಇನ್’ ಒಳಗೆ, ‘ಸಬ್’ ಕೆಳಗೆ. ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್ ಸುಲಭ. ಆದರೆ ‘ಇನ್‌ಪೋರ್ಟ್’ ಅನ್ನಲ್ಲ, ಇಂಪೋರ್ಟ್ ಅನ್ನುತ್ತೇವೆ. ‘ಸಬ್‌ಪೋರ್ಟ್’ ಅಲ್ಲ, ಸಪೋರ್ಟ್. ಯಾಕೆ? ಸತ್ ಮತ್ತು ಜನ ಸೇರಿ ಸಜ್ಜನ ಆಗುವುದು ಯಾಕೋ ಅದಕ್ಕೇ. ಪಕ್ಕದ ಅಕ್ಷರಕ್ಕೆ ಹೊಂದಿಕೊಂಡರೆ ನಾಲಿಗೆಗೆ ಸುಲಭ. ಸಂಧಿ ಅಂತ ನಾವು ಕಲಿತದ್ದು ಇದನ್ನೇ ಅಲ್ವಾ? ನಾನಂತೂ ಸ್ಕೂಲಿನಲ್ಲಿ ಕನ್ನಡ ಸಂಧಿಯನ್ನು ಬೇರೆ, ಇಂಗ್ಲಿಷ್ ಸ್ಪೆಲ್ಲಿಂಗನ್ನು ಬೇರೆ ಬಾಯಿಪಾಠ ಮಾಡಿದ್ದೆ. ಎರಡು ಪಟ್ಟು ಕಷ್ಟ, ಸುಮ್ನೆ.

ಸಪೋರ್ಟ್ ಅಂದರೆ ಕೆಳಗಿನಿಂದ ಹೊರುವುದು, ಹೆಗಲು ಕೊಡುವುದು. ರಿಪೋರ್ಟ್‌ನ ‘ರಿ’ ಅಂದರೆ ವಾಪಸ್. ನೋಡಿದ್ದನ್ನು ಹೊತ್ತು ತರುವುದು.

ನನಗೆ ಜಾಸ್ತಿ ಇಷ್ಟವಾದದ್ದು ಸ್ಪೋರ್ಟ್. ಇದು ‘ಡಿಸ್‌ಪೋರ್ಟ್’ ಅನ್ನುವ ಪದದ ತಲೆ ಹಾರಿ ಉಳಿದ ಭಾಗ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಅಲ್ಲಿಗೆ ರಾಶಿ ರಾಶಿ ಬಂದವು. ಇದೂ ಫ್ರೆಂಚಿನಿಂದಲೇ ಬಂದದ್ದು. ಅರ್ಥ, ಬೇರೆ ಕಡೆಗೆ ಒಯ್ಯುವುದು. ಏನನ್ನು? ಮನಸ್ಸನ್ನು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ದ ದಿನ ಆಫೀಸಿನಲ್ಲಿ ಕೂತವರನ್ನು ಕೇಳಿ.

[ದೇವನಹಳ್ಳಿ ಕಡೆಯ ರಸ್ತೆ, ತಲೆ ಮೇಲೆ ವಿಮಾನ]

ಈಗ ಒಂದು ಗುಂಡಿ ಇದೆ, ಬೀಳಬೇಡಿ. ಏರ್‌ಪೋರ್ಟ್ ಕೂಡ ಜನರನ್ನು ಹೊರುತ್ತದೆ ಅಂದುಕೊಳ್ಳುತ್ತೀರಿ. ಅಲ್ಲ. ಈ ‘ಪೋರ್ಟ್’ ಬಂದದ್ದು ‘ಪೋರ್ತುಸ್’ ಅನ್ನುವ ಬೇರೆ ಪದದಿಂದ. ಅರ್ಥ, ಹಡಗು ನಿಲ್ಲುವ ಬಂದರು. ಸಮುದ್ರವೇ ಇಲ್ಲದ ಬೆಂಗಳೂರಿಗೆ ದೇವನಹಳ್ಳಿಯಲ್ಲೊಂದು ಬಂದರು! ಆಪರ್ಚುನಿಟಿ ಕೂಡ ಈ ಮನೆಯದೇ. ಹಡಗನ್ನು ಬಂದರಿನ ಕಡೆ ತಳ್ಳುವ ಗಾಳಿಗೆ ರೋಮನ್ನರು ಹೇಳುತ್ತಿದ್ದ ಮಾತು ಅದು. ಹಾಯಿ ಹಡಗಿನವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೇನಿದೆ? ಬಹಳ ಹಿಂದಕ್ಕೆ ಹೋದರೆ ಹೊರುವ ಪೋರ್ಟೂ ಬಂದರಿನ ಪೋರ್ಟೂ ದಾಯಾದಿಗಳು ಅನ್ನುತ್ತಾರೆ ವಿದ್ವಾಂಸರು. ಆದರೆ ಲ್ಯಾಟಿನ್ ಹೊತ್ತಿಗೇ ಮನೆ ಭಾಗವಾಗಿತ್ತು.

ಕೇಳೋಕೆ ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಮನೆ ಅಲ್ಲ. ಇದರ ಉಲ್ಟಾನೂ ಇದೆ. ನಮ್ಮ ವಾಹನ, ಇಂಗ್ಲಿಷಿನ ವೆಹಿಕಲ್ ನಿಜವಾಗಿಯೂ ನೆಂಟರು. ಸಂಸ್ಕೃತದ ‘ವಹ್’, ಲ್ಯಾಟಿನ್ನಿನ ‘ವೆಹೆರೆ’ ಎರಡೂ ಒಂದೇ ಹಳೆಯ ಬೇರಿನವು. ಅದೇ ಬೇರಿನಿಂದ ವ್ಯಾಗನ್ ಕೂಡ ಬಂದಿದೆ.

[ಮತ್ತೆ ಮೆಜೆಸ್ಟಿಕ್. ಬಸ್ ಬಂದು ನಿಲ್ಲುತ್ತದೆ.]

ನನ್ನ ಬಸ್ ಬಂತು. ಈ ‘ಬಸ್’ ಬೇರೂ ಅಲ್ಲ, ಪದವೂ ಅಲ್ಲ. ಲ್ಯಾಟಿನ್ನಿನಲ್ಲಿ ‘ಓಮ್ನಿಬಸ್’ ಅಂದರೆ ಎಲ್ಲರಿಗೂ. 1829ರಲ್ಲಿ ಲಂಡನ್ನಿನಲ್ಲಿ ಕುದುರೆ ಎಳೆಯುವ ಓಮ್ನಿಬಸ್ ಓಡಾಟ ಶುರುವಾಯಿತು. ಆಮೇಲೆ ಜನ ತಲೆ ಕತ್ತರಿಸಿ ಬರೀ ಬಾಲ ಇಟ್ಟುಕೊಂಡರು. ‘ಎಲ್ಲರಿಗೂ’ ಅನ್ನುವುದರಲ್ಲಿ ಕೊನೆಯ ‘ರಿಗೂ’ ಮಾತ್ರ ಉಳಿಸಿಕೊಂಡ ಹಾಗೆ.

ರಿಗೂ ಬಂತು, ಹತ್ತಿ ಹತ್ತಿ.