ರಸ್ತೆ ಬದಿಯ ಸೌದೆ ಸ್ಟ್ಯಾಂಡ್: ಬೆಲೆ ಆಮೇಲೆ, ಮೊದಲು ಕಡಿದ ತಿಂಗಳು ಬರೀರಿ

ನಮಸ್ಕಾರ. ಇವತ್ತಿನ ಮಾತು ಸೌದೆ ಬಗ್ಗೆ. ರಸ್ತೆ ಪಕ್ಕ ಒಂದು ಸಣ್ಣ ಗೂಡು, ಅದರಲ್ಲಿ ಕಟ್ಟಿಟ್ಟ ಸೌದೆ, ಪಕ್ಕದಲ್ಲಿ ಒಂದು ಹುಂಡಿ, ಮೇಲೊಂದು ಕ್ಯೂಆರ್ ಕೋಡ್. ಕೂತು ಮಾರೋರು ಯಾರೂ ಇಲ್ಲ. ದುಡ್ಡು ಹಾಕಿ, ಕಟ್ಟು ಎತ್ತಿಕೊಂಡು ಹೋಗಿ, ಅಷ್ಟೇ. ಮಂಡ್ಯ ಮೈಸೂರು ಕಡೆ ಇಂಥದ್ದು ನಡೆಯುತ್ತಾ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರೋದು ಒಂದೇ ಮಾತು: "ಹುಂಡಿ ಸಮೇತ ಹೊತ್ಕೊಂಡು ಹೋಗ್ತಾರೆ ಬಿಡಿ ಸ್ವಾಮಿ."

ನಾನು ಇದನ್ನ ಒಪ್ಪಲ್ಲ. ಇಂಥ ಸ್ಟ್ಯಾಂಡ್‌ನ ಮುಚ್ಚಿಸೋದು ಕಳ್ಳರಲ್ಲ, ಹಸಿ ಸೌದೆ. ಸೌದೆ ಡಿಪೋದಲ್ಲಾದರೆ ಗಿರಾಕಿ ಒಂದು ತುಂಡು ಎತ್ತಿ ನೋಡ್ತಾನೆ, ಚೌಕಾಸಿ ಮಾಡ್ತಾನೆ, ಹಸಿ ಇದೆ ಅಂತ ಜಗಳಾನೂ ಆಡ್ತಾನೆ. ಇಲ್ಲಿ ಜಗಳಕ್ಕೆ ಎದುರಿಗೆ ಯಾರೂ ಇಲ್ಲ. ಕೆಆರ್‌ಎಸ್ ಹಿನ್ನೀರಿನ ಹತ್ತಿರದ ತೋಟದ ಮನೆಗೋ ಮೇಲುಕೋಟೆ ಕಡೆಗೋ ಹೊರಟ ಸಂಸಾರ ಒಂದು ಕಟ್ಟು ತಗೊಂಡು ಹೋಗಿ, ರಾತ್ರಿಯೆಲ್ಲ ಊದಿ ಊದಿ ಕಣ್ಣು ಉರಿಸಿಕೊಂಡರೆ ಅವರು ವಾಪಸ್ ಬಂದು ಕೇಳಲ್ಲ. ಮುಂದಿನ ಸಲ ಗಾಡಿ ನಿಲ್ಲಿಸಲ್ಲ, ಅಷ್ಟೇ.

ಇದಕ್ಕೆ ಮೂಲ, ಸೌದೆಯನ್ನ ಬರೀ ತೂಕಕ್ಕೆ ಮಾರೋ ನಮ್ಮ ರೂಢಿ. ಆಗ ತಾನೇ ಕಡಿದ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ ಇರಬಹುದು. ಅಂಥ 10 ಕೆಜಿ ಕೊಂಡರೆ 5 ಕೆಜಿ ನೀರಿಗೆ ದುಡ್ಡು ಕೊಟ್ಟ ಹಾಗೆ. ಅನ್ಯಾಯ ಅಲ್ಲಿಗೇ ಮುಗಿಯಲ್ಲ. ಒಂದು ಲೀಟರ್ ನೀರನ್ನ ಪೂರ್ತಿ ಆವಿ ಮಾಡೋಕೆ ಬೇಕಾಗೋ ಶಾಖ, ತಣ್ಣೀರನ್ನ ಕುದಿಯೋ ಮಟ್ಟಕ್ಕೆ ಕಾಯಿಸೋ ಶಾಖದ ಸುಮಾರು ಏಳು ಪಟ್ಟು. ಹಂಡೆ ಕಾಯಿಸಬೇಕಾದ ಬೆಂಕಿ ಮೊದಲು ಸೌದೆಯೊಳಗಿನ ನೀರನ್ನೇ ಓಡಿಸ್ತಾ ಕೂರುತ್ತೆ. ಉರಿ ತಣ್ಣಗಿರುತ್ತೆ, ಹೊಗೆ ಪೂರ್ತಿ ಸುಡಲ್ಲ, ಪಾತ್ರೆಗೆ ಜಿಗುಟು ಮಸಿ ಹಿಡಿಯುತ್ತೆ. ತೂಕಕ್ಕೆ ಮಾರೋರಿಗೆ ಒಣಗಿಸಿದರೆ ನಷ್ಟ, ಹಾಗೇ ಮಾರಿದರೆ ಲಾಭ. ಇಂಥ ಲೆಕ್ಕದಲ್ಲಿ ಒಳ್ಳೆ ಸೌದೆ ಎಲ್ಲಿಂದ ಸಿಗಬೇಕು?

ಅದಕ್ಕೇ ನಾನು ಹೇಳೋದು, ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ಟಿ. ಅದರ ಮೇಲೆ ಯಾವ ಮರ, ಯಾವ ತಿಂಗಳು ಕಡಿದದ್ದು, ಯಾವ ತಿಂಗಳು ಕಟ್ಟಿದ್ದು ಅಂತ ಬರೀರಿ. ತೂಕ ಬರೆಯೋದಾದರೆ ಒಣಗಿದ ಮೇಲಿನ ತೂಕ ಬರೀರಿ, ಅದೂ ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ತೂಗಿದ್ದು. ಚೀಟಿಯಲ್ಲಿ ಇನ್ನೇನಾದರೂ ಇರಬೇಕಾ ಅನ್ನೋದನ್ನ ತೂಕ ಅಳತೆ ನೋಡೋ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಹತ್ತಿರ ಒಂದು ಮಾತು ಕೇಳ್ಕೊಂಡುಬಿಡಿ.

ಈಗ ಒಣಗಿಸೋ ಕೆಲಸ. ನಮ್ಮ ಕಡೆ ಮಳೆ ಜೂನ್ ಜುಲೈಗಿಂತ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರು, ಮೇ ತಿಂಗಳಲ್ಲೂ ಗುಡುಗು ಮಳೆ ಚೆನ್ನಾಗೇ ಹೊಡೆಯುತ್ತೆ. ಒಣ ಹವೆ ಅಂತ ಗಟ್ಟಿಯಾಗಿ ನಂಬಬಹುದಾದ್ದು ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ. ಹಾಗಾಗಿ ಡಿಸೆಂಬರ್ ಕೊನೆಯಿಂದ ಸಂಕ್ರಾಂತಿ ಒಳಗೆ ಕಡಿದು, ತುಂಡು ಮಾಡಿ, ಸೀಳಿ ಮುಗಿಸಿ. ಮೂರು ತಿಂಗಳ ಬಿಸಿಲು ಗಾಳಿ ಸಿಕ್ಕಿದರೆ ಸೀಳಿದ ಸೌದೆ ಸಿದ್ಧ. ಸೀಳದೆ ಇಡೀ ದಿಮ್ಮಿ ಬಿಟ್ಟರೆ ಒಂದು ವರ್ಷ ಆದರೂ ಒಳಗೆ ಹಸಿಯೇ. ಯಾಕೆ ಅಂದರೆ ಮರದೊಳಗಿನ ನೀರು ಹೊರಗೆ ಹೋಗೋದು ಮುಖ್ಯವಾಗಿ ಕೊಯ್ದ ತುದಿಯಿಂದ, ತೊಗಟೆ ಅದನ್ನ ತಡೆಯುತ್ತೆ. ಒಂದು ಮೊಳ, ಅಂದರೆ ಒಂದೂವರೆ ಅಡಿ ಉದ್ದಕ್ಕೆ ಕೊಯ್ಯಿರಿ. ಹಂಡೆ ಒಲೆಗೂ ಸರಿ, ಮೂರು ಕಲ್ಲಿನ ಒಲೆಗೂ ಸರಿ, ಕಾರಿನ ಡಿಕ್ಕಿಗೂ ಸರಿ. ನಾಲ್ಕು ಇಂಚಿಗಿಂತ ದಪ್ಪ ಇದ್ದದ್ದನ್ನ ಸೀಳಲೇಬೇಕು. ಸರ್ವೆ ಮರ, ನೀಲಗಿರಿ ಎರಡನ್ನೂ ಹಸಿ ಇದ್ದಾಗಲೇ ಸೀಳಿಬಿಡಿ. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತೆ, ಒಣಗಿದ ಮೇಲೆ ಬೆಣೆ ಹೊಡೆದರೂ ಸಿಡಿಯುತ್ತೆ ಹೊರತು ಸೀಳಲ್ಲ.

ಪೇರಿಸೋವಾಗ ನೆಲಕ್ಕೆ ತಾಗಿಸಲೇಬೇಡಿ. ಸೈಜುಗಲ್ಲಿನ ಮೇಲೆ ಎರಡು ಉದ್ದನೆ ಬೊಂಬು ಅಡ್ಡ ಹಾಕಿ, ಅದರ ಮೇಲೆ ಒಂದೇ ಸಾಲು ಪೇರಿಸಿ. ನಾಲ್ಕೈದು ಸಾಲು ಒತ್ತೊತ್ತಾಗಿ ಇಟ್ಟರೆ ನಡುವಿನ ಸಾಲಿಗೆ ಗಾಳಿ ಸೋಕಲ್ಲ. ಗೆದ್ದಲು ನೆಲದಿಂದ ಹತ್ತೋದರಿಂದ ವಾರಕ್ಕೊಮ್ಮೆ ಕಲ್ಲಿನ ಬುಡ ನೋಡಿ, ಮಣ್ಣಿನ ಗೆರೆ ಕಂಡರೆ ಕೆರೆದು ಹಾಕಿ. ಟಾರ್ಪಾಲಿನ್ ಹೊದಿಸೋದಾದರೆ ತಲೆ ಮೇಲೆ ಮಾತ್ರ. ಪಕ್ಕಗಳನ್ನೂ ಸುತ್ತಿಬಿಟ್ಟರೆ ಒಳಗಿನ ಆವಿ ಅಲ್ಲೇ ನೀರಾಗಿ ಇಳಿದು ಬೂಷ್ಟು ಬರುತ್ತೆ.

ಒಣಗಿದೆಯಾ ಇಲ್ಲವಾ ಅಂತ ಕಣ್ಣಂದಾಜಿಗೆ ಬಿಡಬೇಡಿ. ಪೇರಿಕೆಯ ನಡುವಿಂದ ಐದಾರು ತುಂಡು ಆರಿಸಿ, ಬಣ್ಣದ ಗುರುತು ಹಾಕಿ, ವಾರಕ್ಕೊಮ್ಮೆ ಅದನ್ನೇ ತೂಗಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಅದು ನಮ್ಮ ಹವೆಗೆ ಒಣಗುವಷ್ಟು ಒಣಗಿದೆ ಅಂತ. ತೇವಾಂಶದ ಮೀಟರ್ ಇದ್ದರೆ ಇನ್ನೂ ಒಳ್ಳೇದು, ಆದರೆ ಅದರ ಸೂಜಿಯನ್ನ ಹೊರಮೈಗೆ ಚುಚ್ಚಬೇಡಿ. ತುಂಡನ್ನ ಹೊಸದಾಗಿ ಸೀಳಿ, ಒಳಮೈಯ ಮಧ್ಯಕ್ಕೆ ಚುಚ್ಚಿ ನೋಡಿ. ಶೇಕಡಾ 20ಕ್ಕಿಂತ ಕೆಳಗೆ ತೋರಿಸಬೇಕು. ಎರಡೂ ಇಲ್ಲದಿದ್ದರೆ ಎರಡು ತುಂಡು ತಗೊಂಡು ಒಂದಕ್ಕೊಂದು ಕುಟ್ಟಿ. ಒಣಗಿದ್ದು ಟಣ್ ಅನ್ನುತ್ತೆ, ಹಸಿ ಇದ್ದದ್ದು ದಬ್ ಅನ್ನುತ್ತೆ.

ಯಾವ ಮರ ಅಂದರೆ, ನನ್ನ ಆಯ್ಕೆ ಸರ್ವೆ. ಗಟ್ಟಿ, ನೇರ, ಕೈಗೆ ಮುಳ್ಳಿಲ್ಲ, ಕೆಂಡ ನಿಲ್ಲುತ್ತೆ. ಗೊಬ್ಬಳಿ, ಹುಣಸೆ ಇನ್ನೂ ಚೆನ್ನಾಗಿ ಕೆಂಡ ಬೀಳುತ್ತೆ, ಬಾಡೂಟದ ಒಲೆಗೆ ಅದಕ್ಕೆ ಸಾಟಿಯಿಲ್ಲ, ಆದರೆ ಅಂಕುಡೊಂಕಾಗಿ ಇರೋದರಿಂದ ಕಟ್ಟಿನಲ್ಲಿ ಸರಿಯಾಗಿ ಕೂರಲ್ಲ. ಬಳ್ಳಾರಿ ಜಾಲಿ ಮುಳ್ಳು ಸವರಿದರೆ ಒಳ್ಳೆ ಸೌದೆ. ಸಿಲ್ವರ್ ಓಕ್ ಬೇಗ ಹತ್ತುತ್ತೆ, ಬೇಗ ಮುಗಿಯುತ್ತೆ. ಅದನ್ನ ಸರ್ವೆ ಜೊತೆ ಬೆರೆಸಿ ಒಂದೇ ಬೆಲೆಗೆ ಇಡೋದು ಮೋಸ. ಕಣಗಿಲೆ ಕಡ್ಡಿ ಒಂದು ತುಂಡೂ ಬೆರೆಯಬಾರದು, ಆ ಗಿಡ ಪೂರ್ತಿ ವಿಷ, ಹೊಗೆಯೂ ಕೆಟ್ಟದ್ದು. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್, ಸೆಂಟ್ರಿಂಗ್ ಮರ ಯಾವುದೂ ಬೇಡ. ಅರಳಿ, ಬನ್ನಿ ಕಂಡರೆ ನಮ್ಮ ಜನ ಮನಸ್ಸಿಗೆ ಹಚ್ಕೋತಾರೆ, ಅದನ್ನೂ ದೂರ ಇಡಿ.

ಕಡಿಯೋಕೆ ಮುಂಚೆ ಕಾನೂನು ನೋಡ್ಕೊಳ್ಳಿ. ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆ 1976ರಲ್ಲಿ, ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ಸರ್ವೆ, ನೀಲಗಿರಿ, ಬಳ್ಳಾರಿ ಜಾಲಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಥರದ ಕೆಲವಕ್ಕೆ ವಿನಾಯಿತಿ ಇದೆ. ಹುಣಸೆಗೆ ಕೈ ಹಾಕೋ ಮುಂಚೆಯೂ, ಬೇರೆ ಊರಿಂದ ಲೋಡ್ ತರಿಸೋ ಮುಂಚೆಯೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕಟ್ಟೋದು ಒಣಗಿದ ಮೇಲೆ ಮಾತ್ರ. ಹಸಿ ಇದ್ದಾಗ ಎಷ್ಟು ಬಿಗಿದು ಕಟ್ಟಿದರೂ ಮರ ಕುಗ್ಗಿ ಹಗ್ಗ ಸಡಿಲ ಆಗುತ್ತೆ, ಎತ್ತಿದ ತಕ್ಷಣ ಕಾಲ ಮೇಲೆ ಉದುರುತ್ತೆ. ಅಳತೆಗೆ ಒಂದು ಕಬ್ಬಿಣದ ಬಳೆ ಮಾಡಿಸಿ: 8 ಎಂಎಂ ಸರಳು, ಒಳ ಅಗಲ 20 ಸೆಂಟಿಮೀಟರ್. ಅದರೊಳಗೆ ತುಂಡುಗಳನ್ನ ಜೋಡಿಸಿ, ಕೊನೆ ಎರಡು ತುಂಡನ್ನ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ. ಬಳೆಯ ಎರಡೂ ಪಕ್ಕ ಹಗ್ಗ ಬಿಗಿದು ಬಳೆ ಎಳೆದುಕೊಳ್ಳಿ. ಒಂದು ಮೊಳ ಉದ್ದದ ಒಣ ಸರ್ವೆ ಈ ಬಳೆ ತುಂಬಾ ಇಟ್ಟರೆ ಸುಮಾರು 8 ಕೆಜಿ ಬರುತ್ತೆ, ಸಿಲ್ವರ್ ಓಕ್ ಆದರೆ ಐದರ ಆಸುಪಾಸು. ಹಗ್ಗ ತೆಂಗಿನ ನಾರಿನದೇ ಆಗಲಿ. ಅದು ಸೌದೆ ಜೊತೆಗೇ ಉರಿದುಹೋಗುತ್ತೆ, ಒಲೆ ಹೊತ್ತಿಸೋಕೂ ಆಗುತ್ತೆ. ಪ್ಲಾಸ್ಟಿಕ್ ಹಗ್ಗ ಬೆಂಕಿಗೆ ಬಿದ್ದರೆ ಅಡುಗೆಗೇ ವಾಸನೆ, ಬೈಂಡಿಂಗ್ ವೈರ್ ಕೈ ಕೊಯ್ಯುತ್ತೆ. ಬಾಳೆ ನಾರು ಎರಡು ವಾರಕ್ಕೆ ಒಣಗಿ ಪುಡಿ.

ಇನ್ನೊಂದು ವಿಚಾರದಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ: ಪುಳ್ಳೆಯನ್ನ, ಅಂದರೆ ಒಲೆ ಹೊತ್ತಿಸೋ ಸಣ್ಣ ಕಡ್ಡಿಗಳನ್ನ, ಬೇರೆ ಮಾರಬೇಡಿ, ಪ್ರತಿ ಕಟ್ಟಿನ ಜೊತೆಗೇ ಒಂದು ಹಿಡಿ ಸೇರಿಸಿ ಕಟ್ಟಿ. ಪೇಟೆಯಿಂದ ಬಂದವರಿಗೆ ಕೈ ಗಾತ್ರದ ಸರ್ವೆಗೆ ನೇರವಾಗಿ ಕಡ್ಡಿ ಗೀರಿದರೆ ಹತ್ತಲ್ಲ ಅಂತ ಗೊತ್ತಿರಲ್ಲ. ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಸಾಕೋರ ಮನೆ ಹಿಂದೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತೆ. ಒಣಗಿದ ಆ ಕಡ್ಡಿಗಿಂತ ಒಳ್ಳೆ ಪುಳ್ಳೆ ಸಿಗಲ್ಲ. ಬೇರೆ ಮಾರಿದರೆ ಚಿಲ್ಲರೆ ತೊಂದರೆಯೂ ಬರುತ್ತೆ, ಚಿಲ್ಲರೆ ಕೊಡೋಕೆ ಅಲ್ಲಿ ಯಾರಿದ್ದಾರೆ? ಬೆಲೆ ಒಂದೇ ಇರಲಿ, ಒಂದೇ ನೋಟಿನದ್ದಿರಲಿ.

ಬೆಲೆ ಲೆಕ್ಕ ಹೀಗೆ ಹಾಕಿ. ಹಸಿ ಸರ್ವೆ ಟನ್ನಿಗೆ 4000 ರೂಪಾಯಿ ಬಿತ್ತು ಅಂತ ಇಟ್ಕೊಳ್ಳಿ, ನಿಮ್ಮೂರ ದರ ಬೇರೆ ಇದ್ದರೆ ಅದನ್ನ ಹಾಕ್ಕೊಳ್ಳಿ. ಅರ್ಧ ನೀರಿದ್ದ ಒಂದು ಟನ್, ಐದರಲ್ಲೊಂದು ಪಾಲು ನೀರು ಉಳಿಯೋ ಮಟ್ಟಕ್ಕೆ ಒಣಗಿದರೆ 625 ಕೆಜಿ ಆಗುತ್ತೆ. ಹೊಟ್ಟು, ತೊಗಟೆ ಕಳೆದು 600 ಅನ್ನಿ. ಕೆಜಿಗೆ 6 ರೂಪಾಯಿ 67 ಪೈಸೆ, 8 ಕೆಜಿಯ ಒಂದು ಕಟ್ಟಿಗೆ 53. ಸೀಳೋ ಕೂಲಿ, ಹಗ್ಗ, ಪುಳ್ಳೆ ಸೇರಿ 22 ಹಾಕಿದರೆ ಅಸಲು 75. ಮಾರೋದು 100ಕ್ಕೆ. ಈ 625ರ ಲೆಕ್ಕ ಬಿಟ್ಟು ಸಾವಿರ ಕೆಜಿಗೇ ಭಾಗಿಸಿದವರು ಮೊದಲ ಲೋಡ್‌ನಲ್ಲೇ ಕೈ ಸುಟ್ಕೋತಾರೆ.

ಈಗ ಕಳ್ಳತನಕ್ಕೆ ಬರೋಣ. ಗೂಡಿನಲ್ಲಿ ಒಂದು ಸಲಕ್ಕೆ 12 ಕಟ್ಟು ಮಾತ್ರ ಇಡಿ, ಉಳಿದದ್ದು ಮನೆ ಹತ್ತಿರ ಬೀಗದೊಳಗೆ. ಹನ್ನೆರಡರಲ್ಲಿ ಒಂದು ಪುಕ್ಕಟೆ ಹೋದರೆ ಬಂದದ್ದು 1100, ಅಸಲು 900, ಉಳಿದದ್ದು 200. ಎರಡು ಹೋದರೆ 100. ಮೂರು ಹೋದರೆ ಸೊನ್ನೆ. ಹಾಗಾಗಿ ದಿನಾ ಒಂದು ಹೋದರೂ ಸುಮ್ಮನಿರಿ, ಅಲ್ಲಿ ಒಬ್ಬರನ್ನ ಕೂಲಿ ಕೊಟ್ಟು ಕೂರಿಸೋದಕ್ಕಿಂತ ಅದು ಎಷ್ಟೋ ಅಗ್ಗ. ಮೂರರ ಹತ್ತಿರ ಬಂದರೆ ಬೈಗುಳದ ಬೋರ್ಡ್ ಹಾಕಬೇಡಿ, ಜಾಗ ಬದಲಾಯಿಸಿ. ಒಂಟಿ ತಿರುವಿಗಿಂತ ನಾಲ್ಕು ಮನೆ ಎದುರು, ಎಳನೀರಿನವರ ಪಕ್ಕ, ಹಾಲಿನ ಡೇರಿ ಹತ್ತಿರ ಇದ್ದರೆ ಜನರ ಕಣ್ಣೇ ಸಾಕು.

ಹುಂಡಿ 3 ಎಂಎಂ ತಗಡಿನದು. ಸೀಳು ಮಡಿಸಿದ ನೋಟು ಹೋಗುವಷ್ಟು, 80 ಎಂಎಂ ಉದ್ದ, 6 ಎಂಎಂ ಅಗಲ. ಸೀಳಿನ ಕೆಳಗೆ ಓರೆಯಾಗಿ ಇನ್ನೊಂದು ತಗಡು ಬೆಸುಗೆ ಹಾಕಿಸಿ, ಇಲ್ಲದಿದ್ದರೆ ಕಡ್ಡಿಗೆ ಅಂಟು ಹಚ್ಚಿ ನೋಟು ಎಳೀತಾರೆ. ಬೋಲ್ಟು ಒಳಗಿಂದ, ಕಂಬ ಕಾಂಕ್ರೀಟಿನಲ್ಲಿ. ದಿನಾ ಸಂಜೆ ಖಾಲಿ ಮಾಡಿ. ಇದಕ್ಕಿಂತ ದೊಡ್ಡ ಅಪಾಯ ಕ್ಯೂಆರ್ ಕೋಡ್. ನಿಮ್ಮದರ ಮೇಲೆ ಇನ್ನೊಬ್ಬರದು ಅಂಟಿಸಿ ಹೋದರೆ ಗಿರಾಕಿ ದುಡ್ಡು ಕೊಟ್ಟಿರ್ತಾನೆ, ನಿಮಗೆ ಬಂದಿರಲ್ಲ. ಅದನ್ನ ಗಾಜಿನ ಹಿಂದೆ ಕೂರಿಸಿ, ಪಕ್ಕದಲ್ಲಿ "ಸ್ಕ್ಯಾನ್ ಮಾಡಿದಾಗ ಈ ಹೆಸರು ಬರಬೇಕು" ಅಂತ ದಪ್ಪಗೆ ಬರೆದಿಡಿ. ಬೆಳಿಗ್ಗೆ ಸೌದೆ ತುಂಬೋಕೆ ಹೋದಾಗ ನೀವೇ ಒಂದು ಸಲ ಸ್ಕ್ಯಾನ್ ಮಾಡಿ ನೋಡಿ. ಆ ಜಾಗದಲ್ಲಿ ನೆಟ್‌ವರ್ಕ್ ಬರುತ್ತಾ ಅನ್ನೋದನ್ನ ಕಂಬ ನೆಡೋ ಮುಂಚೆಯೇ ನೋಡಬೇಕು.

ಗೂಡಿನ ಅಳತೆ ಸುಲಭ. ಒಳ ಅಗಲ 130 ಸೆಂಟಿಮೀಟರ್, ಎರಡು ಅಂತಸ್ತು, ಒಂದೊಂದರಲ್ಲಿ ಆರು ಕಟ್ಟು ಒಂದೇ ಸಾಲು. ಕೆಳಗಿನ ಅಂತಸ್ತು ನೆಲದಿಂದ ಒಂದು ಮೊಳ ಮೇಲಿರಲಿ, ಹಿಂಬದಿ ತೆರೆದಿರಲಿ. ಕತ್ತಲೆ ಸಂದು ಇದ್ದರೆ ಚೇಳು, ಹಾವು ಸೇರುತ್ತೆ, ಕೈ ಹಾಕೋದು ಗಿರಾಕಿ. ಮುಂಗಾರಿನ ಗಾಳಿ ಪಶ್ಚಿಮದಿಂದ, ಹಿಂಗಾರಿನದು ಪೂರ್ವದ ಕಡೆಯಿಂದ ಬರೋದರಿಂದ ಒಂದು ಪಕ್ಕ ತಡಿಕೆ ಕಟ್ಟಿದರೆ ಸಾಲದು, ಜಿಂಕ್ ಶೀಟಿನ ಸೂರು ನಾಲ್ಕೂ ಕಡೆ ಒಂದೂವರೆ ಅಡಿ ಮುಂದಕ್ಕಿರಲಿ.

ಜಾಗ ನಿಮ್ಮ ಸ್ವಂತ ಜಮೀನಿನಲ್ಲಿರಲಿ, ಹೆದ್ದಾರಿಯ ಜಾಗದಲ್ಲಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆದ ಮೇಲೆ ಮುಖ್ಯ ರಸ್ತೆಯಲ್ಲಿ ಹೋಗೋರು ನಿಲ್ಲೋ ಮಾತೇ ಇಲ್ಲ. ಸರ್ವೀಸ್ ರಸ್ತೆ, ಇಲ್ಲವೇ ಪಾಂಡವಪುರ, ಮೇಲುಕೋಟೆ, ಕೆಆರ್‌ಎಸ್ ಕಡೆ ಒಡೆಯೋ ರಸ್ತೆಗಳೇ ಗತಿ. ಜನ ಸೌದೆ ಕೊಳ್ಳೋದು ಹೋಗುವಾಗ, ಬರುವಾಗಲ್ಲ. ಹೋಗೋರ ಎಡಗಡೆಗೇ ಗೂಡು ಇರಬೇಕು, ಎರಡು ಕಾರು ಪೂರ್ತಿ ರಸ್ತೆ ಬಿಟ್ಟು ನಿಲ್ಲೋಷ್ಟು ಗಟ್ಟಿ ನೆಲ ಇರಬೇಕು, ನೂರು ಮೀಟರ್ ಮುಂಚೆ ಒಂದು ಬೋರ್ಡ್ ಇರಬೇಕು. ಕಾಡಿನಲ್ಲಿ, ಬೆಟ್ಟದಲ್ಲಿ ಬೆಂಕಿ ಹಾಕಬೇಡಿ, ಕೆಂಡಕ್ಕೆ ನೀರು ಹುಯ್ದು ಹೊರಡಿ ಅಂತ ಅದೇ ಗೂಡಿನ ಮೇಲೆ ಬರೀರಿ. ಬೇಸಿಗೆಯಲ್ಲಿ ಒಂದು ಕಿಡಿ ಏನು ಮಾಡುತ್ತೆ ಅಂತ ಬಂಡೀಪುರದ ಅಂಚಿನ ಊರಿನವರನ್ನ ಕೇಳಿ.

ಕೊನೆಗೆ ಉಳಿದದ್ದು ಅಕ್ಟೋಬರ್. ಏಪ್ರಿಲ್‌ನಲ್ಲಿ ಕಟ್ಟಿಟ್ಟ ದಾಸ್ತಾನು ದಸರಾ ಜನ ಮುಗಿಯೋ ಹೊತ್ತಿಗೆ ಖಾಲಿ ಆಗಿಬಿಡುತ್ತೆ, ಆಗಲೂ ಗಾಡಿಗಳು ನಿಂತು ಕೇಳ್ತಾ ಇರುತ್ತವೆ. ಆಗ ಡಿಪೋದಿಂದ ಹಸಿ ಸೌದೆ ತಂದು ಅದೇ ಬಳೆಯಲ್ಲಿ ಕಟ್ಟಿ ಇಡೋ ಆಸೆ ಹುಟ್ಟುತ್ತೆ. ಇಡಬೇಡಿ. ಹುಂಡಿಯ ಬಾಗಿಲು ತೆಗೆದಿಟ್ಟು, ಕ್ಯೂಆರ್ ಕೋಡ್ ಕಳಚಿ, "ಒಣಗಿದ ಸೌದೆ ಮುಗಿದಿದೆ, ಮತ್ತೆ ಏಪ್ರಿಲ್‌ಗೆ" ಅಂತ ಬರೆದು ಹಾಕಿ. ಆ ವರ್ಷ ಎಷ್ಟು ಕಟ್ಟು ಹೋಯಿತು ಅಂತ ನೋಡಿಕೊಂಡು, ಮುಂದಿನ ಡಿಸೆಂಬರ್‌ನಲ್ಲಿ ಎಷ್ಟು ಟನ್ ಕಡಿಸಬೇಕು ಅಂತ ಲೆಕ್ಕ ಹಾಕಿ: 75 ಕಟ್ಟಿಗೆ ಒಂದು ಹಸಿ ಟನ್.